ಸಹಾಯ ಬೇಕು: ರಸಾಯನಶಾಸ್ತ್ರ ಪರೀಕ್ಷೆಯ ಎರಡು ಲೆಕ್ಕಗಳು

ಎಲ್ಲರಿಗೂ ನಮಸ್ಕಾರ. ಇಂದಿನ ಪರೀಕ್ಷೆ ಮುಗಿಸಿ ಗೆಳೆಯರೊಂದಿಗೆ ಉತ್ತರ ಹೋಲಿಸಿದಾಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

0.1 ಮೋಲಾರ್ ಅಸಿಟಿಕ್ ಆಮ್ಲ 50 ಮಿಲಿಲೀಟರ್, ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿಲೀಟರ್. ಬೆರೆಸಿದಾಗ ಪಿಎಚ್ ಎಷ್ಟು? ಮೂವರು ಗೆಳೆಯರು ತಟಸ್ಥವೆಂದು 7 ಬರೆದಿದ್ದಾರೆ. ನನಗೆ ಬಂದದ್ದು 8.72. ಆಮ್ಲ ದುರ್ಬಲವಾದದ್ದು, ಹಾಗಾಗಿ ಉಳಿಯುವ ಅಸಿಟೇಟ್ ಅಯಾನು ನೀರಿನೊಂದಿಗೆ ವರ್ತಿಸಿ ಹೈಡ್ರಾಕ್ಸೈಡ್ ಅಯಾನು ಕೊಡಲೇಬೇಕಲ್ಲವೇ? ಒಟ್ಟು ಗಾತ್ರ ಇಮ್ಮಡಿಯಾದ್ದರಿಂದ ಅಸಿಟೇಟ್ ಸಾರತೆಯನ್ನು 0.05 ಎಂದು ಹಿಡಿದೆ. ಆಮ್ಲದ ವಿಯೋಜನ ಸ್ಥಿರಾಂಕ (ಅದು ನೀರಿನಲ್ಲಿ ಎಷ್ಟರ ಮಟ್ಟಿಗೆ ಅಯಾನುಗಳಾಗಿ ಒಡೆಯುತ್ತದೆ ಎಂಬ ಅಳತೆ) 1.8 × 10⁻⁵ ಎಂದು ಪ್ರಶ್ನೆಯಲ್ಲೇ ಕೊಟ್ಟಿದ್ದರು. ಉತ್ತರ 7 ಆಗಿದ್ದರೆ ಅದನ್ನು ಕೊಡುವ ಅಗತ್ಯವೇ ಇರಲಿಲ್ಲ. ಆದರೂ ಮೂವರ ಎದುರು ಒಬ್ಬಳೇ ನಿಂತಾಗ ಧೈರ್ಯ ಕುಗ್ಗುತ್ತದೆ.

ಎರಡನೆಯದರಲ್ಲಿ ತಪ್ಪು ನನ್ನದೇ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ 2 ಆಂಪಿಯರ್ ವಿದ್ಯುತ್ತನ್ನು 965 ಸೆಕೆಂಡು ಹರಿಸಿದರೆ ಎಷ್ಟು ಗ್ರಾಂ ತಾಮ್ರ ಶೇಖರವಾಗುತ್ತದೆ ಎಂಬ ಲೆಕ್ಕ. 1930 ಕೂಲಂಬ್, 0.02 ಮೋಲ್ ಎಲೆಕ್ಟ್ರಾನ್ ಎಂಬಲ್ಲಿಯವರೆಗೆ ಸರಿ. ಒಂದು ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕೆಂಬುದನ್ನು ಮರೆತು, 0.635 ಗ್ರಾಂ ಬದಲು 1.27 ಬರೆದೆ.

ಮೊದಲನೆಯ ಉತ್ತರವನ್ನು ಯಾರಾದರೂ ಪರಿಶೀಲಿಸುವಿರಾ? ಮೌಲ್ಯಮಾಪನ ಮಾಡಿದ ಅನುಭವವಿರುವ ಶಿಕ್ಷಕರಿದ್ದರೆ, ಎರಡನೆಯದಕ್ಕೆ ಹಂತಗಳ ಅಂಕ ಸಿಗಬಹುದೇ ಎಂದು ದಯವಿಟ್ಟು ತಿಳಿಸಿ. ಎ ಶ್ರೇಣಿಯ ಆಸೆ ಈ ಎರಡು ಲೆಕ್ಕಗಳ ಮೇಲೆಯೇ ನಿಂತಿದೆ.