ಪದಚರ್ಚೆ: ಸಮಾಜವಾದ, ಸಮತಾವಾದ, ಸಾಮ್ಯವಾದ

ಪ್ರಶ್ನೆ: ಯುರೋಪಿನ ಕಾರ್ಮಿಕ ಚಳವಳಿಯ ಬಗೆಗಿನ ಲೇಖನವೊಂದನ್ನು ಅನುವಾದಿಸುವಾಗ ಸೋಷಿಯಲಿಸಂ, ಕಮ್ಯುನಿಸಂ, ಸೋಷಿಯಲ್ ಡೆಮಾಕ್ರಸಿ ಮೂರೂ ಒಂದೇ ಪುಟದಲ್ಲಿ ಬಂದರೆ ಯಾವುದಕ್ಕೆ ಯಾವ ಪದ? ಸೋಷಿಯಲಿಸಂಗೆ ‘ಸಮತಾವಾದ’ ಎನ್ನಬಹುದೇ?

ಉತ್ತರ: ಸೋಷಿಯಲಿಸಂಗೆ ‘ಸಮಾಜವಾದ’ವೇ ಸರಿ. ಸಂವಿಧಾನದ ಪ್ರಸ್ತಾವನೆಯ ಕನ್ನಡ ಪಾಠದಲ್ಲೂ ‘ಸಮಾಜವಾದಿ’ ಎಂದಿದೆ. ‘ಸಮತಾವಾದ’ ಎಂದರೆ ಸಮಾನತೆಯ ವಿಚಾರವಷ್ಟೇ ಮುಂದೆ ಬಂದು, ಗಿರಣಿ, ಜಮೀನು, ಬ್ಯಾಂಕು ಯಾರ ಒಡೆತನದಲ್ಲಿರಬೇಕು ಎಂಬ ಮೂಲ ಪ್ರಶ್ನೆ ಮರೆಯಾಗುತ್ತದೆ. ‘ಸಾಮ್ಯವಾದ’ವಂತೂ ಬೇಡವೇ ಬೇಡ. ಹಿಂದಿ, ಮರಾಠಿಗಳಲ್ಲಿ ಅದು ಕಮ್ಯುನಿಸಂ. ತೆಲುಗಿನ ಪ್ರಸ್ತಾವನೆಯಲ್ಲಿ ಸೋಷಿಯಲಿಸಂ. ಮರಾಠಿ, ತೆಲುಗು ಎರಡೂ ಕಿವಿಗೆ ಬೀಳುವ ಬೀದರಿನ ಓದುಗರು ಯಾವ ಅರ್ಥ ಹಿಡಿಯಬೇಕು? ಕಮ್ಯುನಿಸಂ ಕನ್ನಡದಲ್ಲಿ ಬಳಕೆಯಾಗಿ ನೆಲೆಯೂರಿದೆ, ಹಾಗೇ ಇರಲಿ.

ನಿಜವಾದ ತೊಡಕು ಸೋಷಿಯಲ್ ಡೆಮಾಕ್ರಸಿಯದು. ಇಂದು ಅದು ಚುನಾವಣೆ, ಸುಧಾರಣೆಗಳ ದಾರಿ ಹಿಡಿದವರ ಹೆಸರು; ಹಿಂದೆ ಕ್ರಾಂತಿಕಾರಿಗಳದೂ ಅದೇ ಹೆಸರು. ಲೆನಿನ್ ಇದ್ದ ಪಕ್ಷದ ಹೆಸರೇ ರಷ್ಯದ ಸೋಷಿಯಲ್ ಡೆಮಾಕ್ರಟಿಕ್ ಕಾರ್ಮಿಕ ಪಕ್ಷ. ಅದರಲ್ಲಿ ಲೆನಿನ್‌ನ ಬಣವಾಗಿದ್ದ ಬೋಲ್ಶೆವಿಕರು ಕಮ್ಯುನಿಸ್ಟ್ ಎಂದು ಹೆಸರು ಬದಲಿಸಿಕೊಂಡದ್ದು 1918ರಲ್ಲಿ. ಜರ್ಮನಿಯ ಸೋಷಿಯಲ್ ಡೆಮಾಕ್ರಾಟರು ಮಾರ್ಕ್ಸ್‌ವಾದವನ್ನು ಕೈಬಿಟ್ಟದ್ದು 1959ರಲ್ಲಿ, ಗೋಡೆಸ್‌ಬರ್ಗ್ ಕಾರ್ಯಕ್ರಮದೊಂದಿಗೆ. ಆದ್ದರಿಂದ 1905ರ ರಷ್ಯದ ಕ್ರಾಂತಿಯ ಸಂದರ್ಭದಲ್ಲಿ ‘ಸಾಮಾಜಿಕ ಪ್ರಜಾಪ್ರಭುತ್ವವಾದಿ’ ಎಂದು ಬರೆದರೆ, ಕ್ರಾಂತಿಗೆ ಹೊರಟವರನ್ನು ಓದುಗ ಇಂದಿನ ಸ್ವೀಡನ್ನಿನ ಮಂತ್ರಿಗಳಂತೆ ಕಲ್ಪಿಸಿಕೊಳ್ಳುತ್ತಾನೆ. ಮೊದಲ ಮಹಾಯುದ್ಧಕ್ಕೆ ಹಿಂದಿನದಾದರೆ ಇಂಗ್ಲಿಷ್ ಹೆಸರನ್ನೇ ಇಟ್ಟು ಅಡಿಟಿಪ್ಪಣಿ ಕೊಡಿ. ಎರಡನೆಯ ಯುದ್ಧದ ನಂತರದ್ದಕ್ಕೆ ‘ಸಾಮಾಜಿಕ ಪ್ರಜಾಪ್ರಭುತ್ವ’ ನಿಲ್ಲುತ್ತದೆ. ‘ಪ್ರಜಾಸತ್ತಾತ್ಮಕ ಸಮಾಜವಾದ’ (ಡೆಮಾಕ್ರಟಿಕ್ ಸೋಷಿಯಲಿಸಂ) ಬೇರೆ, ಅದನ್ನು ಇದಕ್ಕೆ ಬಳಸಬೇಡಿ.

‘ಸಮಾಜವಾದ’ದ ಒಳಗೂ ಅರ್ಥ ಒಂದೇ ಅಲ್ಲ. 1875ರಲ್ಲಿ ಮಾರ್ಕ್ಸ್ ಕಮ್ಯುನಿಸಂಗೆ ಎರಡು ಘಟ್ಟ ಹೇಳಿದ: ಮೊದಲು ದುಡಿಮೆಗೆ ತಕ್ಕಷ್ಟು, ಆಮೇಲೆ ಅಗತ್ಯಕ್ಕೆ ತಕ್ಕಷ್ಟು. ಆ ಮೊದಲ ಘಟ್ಟವನ್ನು 1917ರಲ್ಲಿ ಲೆನಿನ್ ಸಮಾಜವಾದ ಎಂದು ಕರೆದ. ಅಂಥ ಪಠ್ಯದಲ್ಲಿ ಅದು ದಾಟಿಹೋಗಬೇಕಾದ ಹಂತ. 1884ರಲ್ಲಿ ಲಂಡನ್ನಿನಲ್ಲಿ ಶುರುವಾದ ಫೇಬಿಯನ್ ಸೊಸೈಟಿ ಎಂಬ ಸಂಘದವರಿಗೆ ಅದೇ ಗುರಿ, ದಾರಿ ಸಂಸತ್ತು. ಇನ್ನು ನಮ್ಮಲ್ಲಿ ‘ಆತ ಸಮಾಜವಾದಿ’ ಎಂದೊಡನೆ ನೆನಪಾಗುವುದು ಲೋಹಿಯಾ, ಶಾಂತವೇರಿ ಗೋಪಾಲಗೌಡ, 1951ರಲ್ಲಿ ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ ಕಾಗೋಡಿನ ಗೇಣಿದಾರರು. ಜಾತಿಯ ಪ್ರಶ್ನೆ ಆ ಮಾತಿಗೆ ಅಂಟಿಕೊಂಡೇ ಬರುತ್ತದೆ. ಹಾಗಾಗಿ ಯುರೋಪಿನವರ ಹೆಸರಿನ ಮುಂದೆ ಬರಿದೇ ‘ಸಮಾಜವಾದಿ’ ಎನ್ನದೆ ‘ಫೇಬಿಯನ್ ಸಮಾಜವಾದಿ’, ‘ಮಾರ್ಕ್ಸ್‌ವಾದಿ ಸಮಾಜವಾದಿ’ ಎಂದು ಗುರುತು ಹಚ್ಚುವುದು ಒಳ್ಳೆಯದು.

ಮತ್ತೊಂದು ಉತ್ತರ: 1955ರ ಆವಡಿ ಕಾಂಗ್ರೆಸ್ ಅಧಿವೇಶನದ ನಿರ್ಣಯ ಎದುರಾದರೆ ‘ಸಮಾಜವಾದಿ ಮಾದರಿಯ ಸಮಾಜ’ ಎಂದೇ ಬರೆಯಿರಿ. ‘ಮಾದರಿ’ ಬಿಟ್ಟರೆ, ನೇರವಾಗಿ ಸಮಾಜವಾದ ಎನ್ನದೆ ನಿರ್ಣಯ ತೋರಿದ್ದ ಜಾಗರೂಕತೆಯೇ ಹೋಗುತ್ತದೆ. ‘ರಾಷ್ಟ್ರೀಕರಣ’, ‘ಸಾಮಾಜೀಕರಣ’ಗಳನ್ನೂ ಬೆರೆಸಬೇಡಿ. ಮೊದಲನೆಯದರಲ್ಲಿ ಒಡೆತನ ಸರ್ಕಾರದ್ದು; ಎರಡನೆಯದರಲ್ಲಿ ಅದು ದುಡಿಯುವವರ ಸಹಕಾರ ಸಂಘದ್ದೂ ಆಗಿರಬಹುದು.