ಸಹಾಯ ಬೇಕು: ಶಾಲೆಯ ಫೈರ್‌ವಾಲ್‌ಗೆ ಯಾವ ಹಾರ್ಡ್‌ವೇರ್ ಒಳ್ಳೇದು?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಶಾಲೆಗೆ ಓಪಿಎನ್‌ಸೆನ್ಸ್ (ಉಚಿತ ಫೈರ್‌ವಾಲ್ ಸಾಫ್ಟ್‌ವೇರ್) ಹಾಕಬೇಕು ಅಂತಿದ್ದೇನೆ. 30 ಕಂಪ್ಯೂಟರ್, 300 ಎಂಬಿಪಿಎಸ್ ಫೈಬರ್. ಮಕ್ಕಳ ಲ್ಯಾಬಿನ ನೆಟ್‌ವರ್ಕ್, ಆಫೀಸಿನ ನೆಟ್‌ವರ್ಕ್ ಎರಡೂ ಬೇರೆ ಇರಲೇಬೇಕು.

ಕೈಯಲ್ಲಿರೋದು ನಾಲ್ಕನೇ ತಲೆಮಾರಿನ ಐ5 ಇರುವ ಹಳೇ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್. ಎನ್‌ಕ್ರಿಪ್ಶನ್ ಬೇಗ ಮಾಡೋ ಎಇಎಸ್-ಎನ್ಐ ಪ್ರೊಸೆಸರ್‌ನಲ್ಲೇ ಇದೆ, ಹಾಗಾಗಿ ಓಪನ್‌ವಿಪಿಎನ್‌ಗೆ (ಹೊರಗಿನಿಂದ ಸುರಕ್ಷಿತವಾಗಿ ಸೇರೋಕೆ) ತೊಂದರೆ ಇಲ್ಲ. ಆದರೆ ಬೋರ್ಡಿನಲ್ಲಿರೋದು ಒಂದೇ ನೆಟ್‌ವರ್ಕ್ ಪೋರ್ಟ್, ಅದೂ ರಿಯಲ್‌ಟೆಕ್ ಚಿಪ್ಪಿನದು. ಓಪಿಎನ್‌ಸೆನ್ಸ್‌ನ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಗೆ ಇಂಟೆಲ್ ನೆಟ್‌ವರ್ಕ್ ಕಾರ್ಡೇ ವಾಸಿ ಅಲ್ವಾ? ಐ350 ಚಿಪ್ಪಿನ ನಾಲ್ಕು ಪೋರ್ಟ್ ಕಾರ್ಡ್ ಸೆಕೆಂಡ್ ಹ್ಯಾಂಡ್ ಸಿಗುತ್ತೆ, ನಕಲಿ ಬಂದೀತು ಅನ್ನೋದೇ ಭಯ.

ಇನ್ನೊಂದು ದಾರಿ ಇಂಟೆಲ್ ಎನ್100 ಮಿನಿ ಪಿಸಿ. ನಾಲ್ಕು ಐ226 ಪೋರ್ಟ್, ಫ್ಯಾನ್ ಇಲ್ಲ, ಪ್ರೊಸೆಸರ್ ಟಿಡಿಪಿ (ಹೊರಹಾಕೋ ಶಾಖದ ಲೆಕ್ಕ) ಬರೀ 6 ವ್ಯಾಟ್. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಬೇಗ ಬರಲ್ಲ. ಯುಪಿಎಸ್ ಮೇಲೆ ಜಾಸ್ತಿ ಹೊತ್ತು ಓಡಬೇಕು. ಅದಕ್ಕೇ ನನ್ನ ಮನಸ್ಸು ಇದರ ಕಡೆಗಿದೆ.

ಸುರಿಕಾಟಾ (ನೆಟ್‌ವರ್ಕ್ ದಾಳಿ ಪತ್ತೆ ಮಾಡೋ ಸಾಫ್ಟ್‌ವೇರ್) ಆನ್ ಮಾಡಿದರೆ 8 ಜಿಬಿ ಸಾಕಾ, 16 ಬೇಕಾ? ಮುಚ್ಚಿದ ರ‍್ಯಾಕ್‌ನಲ್ಲಿ ಫ್ಯಾನಿಲ್ಲದ ಪಿಸಿ ಬೇಸಿಗೆ ತಡೆಯುತ್ತಾ? ವರ್ಷಗಟ್ಟಲೆ ಓಡಿಸಿದವರು ದಯವಿಟ್ಟು ಮಾಡೆಲ್ ಸಮೇತ ತಿಳಿಸಿ. ಶಾಲೆಯ ದುಡ್ಡು, ಸುಮ್ನೆ ಖರ್ಚಾಗಬಾರದು.