ಪದಚರ್ಚೆ: ‘ಸ್ಪ್ಲಿಟ್ ಫೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಅಲ್ಲಿನ ವೈರಿಂಗ್ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿನ ಮನೆಗಳಿಗೆ ಕರೆಂಟ್ ಕೊಡುವ ಪದ್ಧತಿಯ ಹೆಸರು ‘ಸ್ಪ್ಲಿಟ್ ಫೇಸ್’. ಅದರ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ‘ವಿಭಜಿತ ಪ್ರಾವಸ್ಥೆ’ ಅಂತ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಸೀಳು ಫೇಸ್’ ಅನ್ನೋಣವೆಂದರೆ, ಅಲ್ಲಿ ಫೇಸನ್ನು ಯಾರೂ ಸೀಳುವುದೇ ಇಲ್ಲ!

ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್‌ಗೆ ಬರುವುದು ಒಂದೇ ಫೇಸ್, ಸಾಮಾನ್ಯವಾಗಿ 7,200 ವೋಲ್ಟ್. ಮನೆ ಕಡೆಯ ಸುರುಳಿಯ ಎರಡು ತುದಿಗಳ ನಡುವೆ 240 ವೋಲ್ಟ್ ಸಿಗುತ್ತದೆ. ಆ ಸುರುಳಿಯ ನಟ್ಟನಡುವಿನಿಂದ ಇನ್ನೊಂದು ತಂತಿ ತೆಗೆದು ಅರ್ಥ್ ಮಾಡಿರುತ್ತಾರೆ. ಅದೇ ನ್ಯೂಟ್ರಲ್. ಯಾವ ತುದಿಯಿಂದ ನ್ಯೂಟ್ರಲ್‌ಗೆ ಅಳೆದರೂ 120. ದೀಪ, ಫ್ರಿಜ್ಜಿಗೆ ಅಷ್ಟು ಸಾಕು. ಬಟ್ಟೆ ಒಣಗಿಸುವ ಮೆಷಿನ್, ಕರೆಂಟ್ ಒಲೆ ಇಂಥವಕ್ಕೆ ಎರಡೂ ತುದಿ ಕೊಟ್ಟು 240.

‘ಎರಡು ಫೇಸ್’ ಅಂದರೂ ಎಡವಟ್ಟು. ನಮ್ಮ ತ್ರೀ ಫೇಸ್‌ನಲ್ಲಿ ಒಂದೊಂದು ಫೇಸ್‌ಗೂ 230, ಎರಡು ಫೇಸ್‌ಗಳ ನಡುವೆ ಸುಮಾರು 400. 460 ಅಲ್ಲ, ಯಾಕೆಂದರೆ ಅವುಗಳ ವೋಲ್ಟೇಜ್ ಒಟ್ಟಿಗೇ ಏರಿಳಿಯದೆ ಒಂದರಿಂದೊಂದು 120 ಡಿಗ್ರಿ (ಒಂದು ಸುತ್ತಿನ ಮೂರನೇ ಒಂದು ಭಾಗ) ಅಂತರದಲ್ಲಿರುತ್ತದೆ. ಅಮೆರಿಕದ ಮನೆಯಲ್ಲಿ 120ಕ್ಕೆ 120 ಸೇರಿ ನೇರವಾಗಿ 240. ಲೆಕ್ಕವೇ ಬೇರೆ. (ಅಲ್ಲಿನ ಎಷ್ಟೋ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ತ್ರೀ ಫೇಸ್‌ನ ಎರಡು ಲೈನ್ ಎಳೆದು 208 ಕೊಡುತ್ತಾರೆ. ಅದರ ಗೋಜಿಗೆ ಈಗ ಹೋಗುವುದಿಲ್ಲ.)

ಮೋಟಾರ್ ರಿವೈಂಡಿಂಗ್ ಮಾಡುವವರನ್ನು ಕೇಳಿದರೆ ಸ್ಪ್ಲಿಟ್ ಫೇಸ್ ಅಂದರೆ ಸಿಂಗಲ್ ಫೇಸ್ ಮೋಟಾರಿನ ಒಂದು ಬಗೆ. ಅದರಲ್ಲಿ ಸ್ಟಾರ್ಟಿಂಗ್ ಸುರುಳಿಯ ಕರೆಂಟು ರನ್ನಿಂಗ್ ಸುರುಳಿಯ ಕರೆಂಟಿಗಿಂತ ಸ್ವಲ್ಪ ಮುಂದಿರುತ್ತದೆ. ಅಲ್ಲಿ ಆ ಹೆಸರು ಸರಿಯಾಗಿ ಕೂರುತ್ತದೆ. ಮನೆ ವೈರಿಂಗಿಗೂ ಅದೇ ಹೆಸರಿದೆ, ಅಷ್ಟೇ.

ಈ ಏರ್ಪಾಡಿನ ಬೇರು ಎಡಿಸನ್‌ನ ಮೂರು ತಂತಿ ಪದ್ಧತಿಯಲ್ಲಿದೆ. 1883ರಲ್ಲಿ ಪೆನ್ಸಿಲ್ವೇನಿಯಾದ ಸನ್‌ಬರಿ ಊರಿಗೆ ಹೀಗೇ ಕರೆಂಟ್ ಕೊಟ್ಟರು. ಅದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಫೇಸ್ ಅನ್ನುವ ಮಾತೇ ಇರಲಿಲ್ಲ. ಎರಡೂ ಬದಿಯ ಲೋಡ್ ಸಮವಾಗಿದ್ದರೆ ನಡುವಿನ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಏರುಪೇರಿದ್ದರೆ ವ್ಯತ್ಯಾಸದಷ್ಟು ಮಾತ್ರ. ತಾಮ್ರ ಜಾಸ್ತಿ ಬೇಡ, ದುಡ್ಡೂ ಉಳಿಯಿತು. ಆದರೆ ಈಗಿನ ಮನೆಗಳಲ್ಲಿ ಆ ನಡುವಿನ ತಂತಿ ಕಿತ್ತುಹೋದರೆ ಒಂದು ಬದಿಗೆ 120ಕ್ಕಿಂತ ಜಾಸ್ತಿ ವೋಲ್ಟೇಜ್ ನುಗ್ಗಿ ಸಾಮಾನು ಸುಡಬಹುದು.

ಇಡೀ ಆಟ ನಡುವಿನ ತಂತಿಯದ್ದೇ ಅಲ್ವಾ? ಹಾಗಾಗಿ ನನ್ನ ಒಲವು ‘ನಡುತಂತಿ ಜೋಡಣೆ’ ಕಡೆಗೆ. ‘ಮೂರು ತಂತಿ’ ಅಂದರೆ ನಮ್ಮವರು ಪಂಪ್‌ಸೆಟ್ಟಿನ ತ್ರೀ ಫೇಸ್ ಅಂದುಕೊಳ್ಳುತ್ತಾರೆ.

ಇನ್ನೊಂದು ಪ್ರಶ್ನೆ. ಆ ಎರಡು ತುದಿಗಳಿಗೆ ಅಲ್ಲಿನವರು ‘ಲೆಗ್’ ಅನ್ನುತ್ತಾರೆ. ‘ಎರಡು ಕಾಲು’ ಅಂತ ಬರೆದರೆ ಎರಡೂಕಾಲು ಅಂತ ಓದುವವರೇ ಹೆಚ್ಚು. ‘ತುದಿ’ ಸಾಕೇ, ‘ಬದಿ’ ವಾಸಿಯೇ? ಅಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುವ ಕನ್ನಡಿಗರು ಯಾರಾದರೂ ಇದ್ದರೆ, ತಮ್ಮತಮ್ಮಲ್ಲಿ ಏನಂತೀರಿ, ತಿಳಿಸಿ.